ಬಾಣಂತಿ ಕೋಣೆಗೆ ಬಂದ ಕ್ಯಾಮೆರಾ

ನಲವತ್ತು ದಾಟಿದವರ ಮನೆಯ ಹಳೆಯ ಆಲ್ಬಮ್ ತೆರೆದರೆ ಮಗುವಿನ ಮೊದಲ ಫೋಟೊ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರ. ಮೈಮೇಲೆ ಬಟ್ಟೆಯಿಲ್ಲ, ಸೊಂಟದಲ್ಲಿ ಉಡಿದಾರ, ಕೆನ್ನೆಯಲ್ಲಿ ದೃಷ್ಟಿಬೊಟ್ಟು. ಬೋರಲು ಬಿದ್ದ ಮಗು ಕತ್ತೆತ್ತಿ ಕ್ಯಾಮೆರಾದ ಹಿಂದೆ ಯಾರೋ ಅಲ್ಲಾಡಿಸುತ್ತಿರುವ ಗಿಲಕಿಯನ್ನು ನೋಡುತ್ತಿರುತ್ತದೆ. ವಯಸ್ಸು ಐದೋ ಆರೋ ತಿಂಗಳು. ಅದಕ್ಕೂ ಹಿಂದಿನ ಚಿತ್ರ ಇರುವುದು ಅಪರೂಪ. ಹುಟ್ಟಿದ ಮೊದಲ ವಾರದಲ್ಲಿ ನಮ್ಮ ಮುಖ ಹೇಗಿತ್ತು ಎಂಬುದು ಅಮ್ಮ, ಅಜ್ಜಿಯರ ಮಾತಿನಲ್ಲಿ ಮಾತ್ರ ಉಳಿದಿದೆ: ಕೆಂಪಗೆ ಇದ್ದೆ, ತಲೆ ತುಂಬ ಕೂದಲಿತ್ತು, ಒಂದು ಕಿವಿ ಮಡಚಿಕೊಂಡಿತ್ತು.

ಆ ಐದು ತಿಂಗಳ ಲೆಕ್ಕಕ್ಕೆ ಕಾರಣಗಳಿದ್ದವು. ಮಗುವಿಗೆ ಕತ್ತು ನಿಲ್ಲಬೇಕಿತ್ತು; ಸ್ಟುಡಿಯೊದ ಮೇಜಿನ ಮೇಲೆ ತಾನಾಗಿ ತಲೆಯೆತ್ತಲಾರದ ಕೂಸನ್ನು ಇಟ್ಟುಕೊಂಡು ಫೋಟೊಗ್ರಾಫರ್ ಏನೂ ಮಾಡುವಂತಿರಲಿಲ್ಲ. ಹೆರಿಗೆಯಾದ ಮನೆಯಲ್ಲಿ ಹತ್ತು ದಿನ ಪುರುಡು. ಹನ್ನೊಂದಕ್ಕೋ ಹನ್ನೆರಡಕ್ಕೋ ಪುಣ್ಯಾಹ, ತೊಟ್ಟಿಲು, ಹೆಸರು. ಅಲ್ಲಿಂದ ಮುಂದೆಯೂ ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಬೆಂಗಳೂರಿನ ಶಿವಾಜಿನಗರದ ಮುಸ್ಲಿಂ ಮನೆಗಳಲ್ಲಿ ಅದು ನಲವತ್ತು ದಿನದ ಚಿಲ್ಲಾ. ಎಲ್ಲ ಮನೆಗಳಲ್ಲೂ ದೃಷ್ಟಿಯ ಭಯ. ಶಿಶುಮರಣ ಹೆಚ್ಚಿದ್ದ ಕಾಲದಲ್ಲಿ, ಉಳಿಯುವುದೋ ಇಲ್ಲವೋ ಗೊತ್ತಿಲ್ಲದ ಜೀವದ ಚಿತ್ರ ತೆಗೆಸಲು ಮನಸ್ಸು ಹಿಂಜರಿಯುತ್ತಿತ್ತು ಎಂಬುದನ್ನೂ ಮರೆಯಬಾರದು. ಮೂರು ವರ್ಷದ ಗಂಡುಮಗುವಿಗೆ ಲಂಗ ಹಾಕಿ, ಮೊಗ್ಗಿನ ಜಡೆ ಹೆಣೆದು, ಜಡೆ ಕಾಣಲೆಂದು ಹಿಂದೆ ಕನ್ನಡಿ ನಿಲ್ಲಿಸಿ ತೆಗೆಸಿದ ಸಡಗರದ ಫೋಟೊಗಳು ಎಷ್ಟೋ ಮನೆಗಳಲ್ಲಿವೆ. ಅದೇ ಮನೆಯಲ್ಲಿ ಮೊದಲ ತಿಂಗಳಿನದು ಒಂದೂ ಇರುವುದಿಲ್ಲ.

ಈಗ ಬೆಂಗಳೂರಿನಲ್ಲಿ ಐದನೆಯ ದಿನದಿಂದ ಹದಿನೈದನೆಯ ದಿನದೊಳಗೆ ಮಗುವಿನ ಚಿತ್ರ ತೆಗೆಯುವುದೇ ಒಂದು ವೃತ್ತಿ. ಆ ವೃತ್ತಿಗೆ ಬಂದವರಲ್ಲಿ ಬಹಳಷ್ಟು ಮಂದಿ, ಅದರಲ್ಲೂ ಹೆಣ್ಣುಮಕ್ಕಳು, ಮೊದಲು ವೈಟ್‌ಫೀಲ್ಡ್, ಮಾರತ್ತಹಳ್ಳಿ, ಕೆ.ಆರ್. ಪುರದ ಆಚೀಚಿನ ಕಚೇರಿಗಳಲ್ಲಿ ಪ್ರಾಜೆಕ್ಟು, ಮಾರ್ಕೆಟಿಂಗ್, ಎಚ್‌ಆರ್, ಸಾಫ್ಟ್‌ವೇರ್ ಪರೀಕ್ಷೆ ಎಂದು ದುಡಿದವರು. ಒಳ್ಳೆಯ ಸಂಬಳ ಬಿಟ್ಟು ಅವರು ಹಿಡಿದಿರುವ ಈ ಕೆಲಸದಲ್ಲಿ ಕ್ಯಾಮೆರಾಕ್ಕೆ ಎರಡನೆಯ ಸ್ಥಾನ. ಇದು ಮೊದಲು ಶಿಶುಪಾಲನೆ, ಆಮೇಲೆ ಛಾಯಾಗ್ರಹಣ. ಹಾಗೆಂದು ತಿಳಿದು ಬಂದವರ ಕೈಯಲ್ಲಿ ಮಗು ಕ್ಷೇಮವಾಗಿರುತ್ತದೆ. ಹಾಗೆ ತಿಳಿಯದವರು ಎಷ್ಟು ದೊಡ್ಡ ಕಲಾವಿದರಾದರೂ ನನಗೆ ಭಯವೇ.

ಕೂಸಿನ ಚಿತ್ರ ತೆಗೆಯುವ ಕಷ್ಟ ಛಾಯಾಗ್ರಹಣದಷ್ಟೇ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಒಂದು ಚಿತ್ರ ಮೂಡಲು ಹಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ಮಗು ಅಲ್ಲಾಡಿದರೆ ಮುಖದ ಜಾಗದಲ್ಲಿ ಮಸುಕು. ಆಗ ಯುರೋಪು, ಅಮೆರಿಕದ ಸ್ಟುಡಿಯೊಗಳು ತಾಯಿಯ ಮೇಲೆ ಪರದೆಯನ್ನೋ ಜಮಖಾನವನ್ನೋ ಹೊದಿಸಿ ಅವಳನ್ನೇ ಕುರ್ಚಿಯಾಗಿ ಮಾಡಿ, ತೊಡೆಯ ಮೇಲೆ ಮಗುವನ್ನು ಕೂರಿಸುತ್ತಿದ್ದವು. ಅಂಥ ಚಿತ್ರಗಳು ಸಾವಿರಾರು ಉಳಿದಿವೆ. ಗಮನಿಸಿ ನೋಡಿದರೆ ಬಟ್ಟೆಯ ಮಡಿಕೆಯ ನಡುವೆ ತಾಯಿಯ ಕೈ ಕಾಣುತ್ತದೆ. ಇಂದಿನ ನವಜಾತ ಶಿಶುವಿನ ಚಿತ್ರಗಳಲ್ಲೂ ಹಿಡಿದ ಕೈಯನ್ನು ಅಳಿಸಲಾಗುತ್ತದೆ, ಕಂಪ್ಯೂಟರಿನಲ್ಲಿ. ಹಿಡಿದವರಿಲ್ಲದೆ ಅಂದೂ ಚಿತ್ರವಾಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ.

ಕೂಸುಗಳ ಚಿತ್ರವನ್ನು ಜಗತ್ತಿನ ಮನೆಮನೆಗೆ ತಲುಪಿಸಿದವರು ಆನ್ ಗೆಡ್ಡೆಸ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1956ರಲ್ಲಿ ಹುಟ್ಟಿದ ಇವರು ಫೋಟೊಗ್ರಫಿಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಗಂಡನ ಕೆಲಸದ ಕಾರಣ ಹಾಂಗ್‌ಕಾಂಗ್‌ನಲ್ಲಿ ನೆಲೆಸಿದ್ದಾಗ, ಗಂಡನ ಪೆಂಟಾಕ್ಸ್ ಕೆ1000 ಕ್ಯಾಮೆರಾ ತೆಗೆದುಕೊಂಡು ಸುಮಾರು ಇಪ್ಪತ್ತೈದರ ವಯಸ್ಸಿನಲ್ಲಿ ತಾವೇ ಕಲಿಯತೊಡಗಿದರು. 1996ರಲ್ಲಿ ಬಂದ ಅವರ ‘ಡೌನ್ ಇನ್ ದಿ ಗಾರ್ಡನ್’ ಪುಸ್ತಕದ ಹೂವು, ತರಕಾರಿಗಳ ನಡುವಿನ ಕೂಸುಗಳು ಕ್ಯಾಲೆಂಡರ್, ಗ್ರೀಟಿಂಗ್ ಕಾರ್ಡುಗಳಾಗಿ ನಮ್ಮ ಪುಸ್ತಕದಂಗಡಿಗಳಿಗೂ ಬಂದವು. ಇಂದು ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿರುವವರ ಬಾಲ್ಯದ ಗೋಡೆಯ ಮೇಲೆ ಆ ಕ್ಯಾಲೆಂಡರುಗಳಿದ್ದಿರಬಹುದು.

ನಮ್ಮವರೇ ಆದ ಇನ್ನೊಬ್ಬರಿದ್ದರು. ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಅವರು ‘ಡೆಕ್ಕನ್ ಹೆರಾಲ್ಡ್’, ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ಪತ್ರಿಕೆಗಳಲ್ಲಿ ದುಡಿದು, ತಿಂಗಳ ಸಂಬಳ ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದರು. ಈ ದೇಶದಲ್ಲಿ ಕ್ಯಾಮೆರಾವೊಂದನ್ನೇ ನಂಬಿ ಸಂಸಾರ ಮಾಡಬಹುದು ಎಂದು ಯಾರೂ ಹೇಳದಿದ್ದ ಕಾಲವದು. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ‘ಕಾಲಕ್ಕೆ ಕನ್ನಡಿ’ ಎಂಬ ಅವರ ಆತ್ಮಕಥೆ ಕನ್ನಡದಲ್ಲಿದೆ. ಸತ್ಯನ್ ತೆಗೆದದ್ದು ಬೀದಿಯ, ಶಾಲೆಯ, ಆಸ್ಪತ್ರೆಯ ಮಕ್ಕಳನ್ನು. ಅವರ ಚಿತ್ರದ ಮಗುವಿಗೆ ವೇಷವಿಲ್ಲ, ಸಜ್ಜು ಮಾಡಿದ ಬುಟ್ಟಿಯಿಲ್ಲ. ಸಂಬಳ ಬಿಟ್ಟು ಈ ದಾರಿಗೆ ಬರುವ ಹೊಸಬರಿಗೆ ಗೆಡ್ಡೆಸ್ ಜೊತೆ ಸತ್ಯನ್ ಕೂಡ ಪರಿಚಯವಾಗಬೇಕು. ಮಗುವನ್ನು ಅದು ಇದ್ದ ಹಾಗೆ ನೋಡುವ ಕಣ್ಣು ಬೇಕಿದ್ದರೆ ಅವರ ಚಿತ್ರಗಳೇ ಪಾಠ.

ಇನ್ನು ಕಮರ್ಷಿಯಲ್ ಸ್ಟ್ರೀಟು. ಬೆಂಗಳೂರಿನ ಈ ಹೊಸ ವೃತ್ತಿಯ ಸಾಮಾನಿನ ಮೂಲ ಹುಡುಕಿಕೊಂಡು ಹೊರಟರೆ ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲಿಗೇ. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿದ ಮೇಲೆ ಬೆಳೆದ ಪೇಟೆ ಇದು. ಸೈನಿಕರಿಗೆ, ಅಧಿಕಾರಿಗಳ ಮನೆಯವರಿಗೆ ಬಟ್ಟೆ ಹೊಲಿದು ಮಾರಿದ ರೂಢಿ ಇಲ್ಲಿನ ಓಣಿಗಳಲ್ಲಿ ಇನ್ನೂ ಮುಗಿದಿಲ್ಲ. ಉದ್ಯೋಗ ಬದಲಿಸಿದವರ ಕಥೆಯೂ ಈ ಬೀದಿಗೆ ಹೊಸದಲ್ಲ. ಇಂದು ದೇಶದ ದೊಡ್ಡ ಕಟ್ಟಡ ಕಂಪನಿಗಳಲ್ಲೊಂದಾದ ಪ್ರೆಸ್ಟೀಜ್‌ನ ಬೇರು ಇರುವುದು ರಜಾಕ್ ಸತ್ತಾರ್ ಅವರು 1956ರಲ್ಲಿ ಇದೇ ಬೀದಿಯಲ್ಲಿ ತೆರೆದ ಗಂಡಸರ ಬಟ್ಟೆಯ ಅಂಗಡಿಯಲ್ಲಿ. ಕಟ್ಟಡದ ಕೆಲಸಕ್ಕೆ ಅವರು ಕೈ ಹಾಕಿದ್ದು 1986ರಲ್ಲಿ, ಮೂವತ್ತು ವರ್ಷದ ಮೇಲೆ.

ನವಜಾತ ಶಿಶುವಿನ ಫೋಟೊಗ್ರಾಫರ್ ಇಲ್ಲಿಗೆ ಬರುವುದು ಬಟ್ಟೆಗಾಗಿ. ಮಗುವನ್ನು ಸುತ್ತಲು ನಾಲ್ಕೂ ಕಡೆ ಎಳೆದರೆ ಹಿಗ್ಗುವ ಹೊಸೈರಿ ಬಟ್ಟೆ ಬೇಕು. ಹಿಗ್ಗದಿದ್ದರೆ ಬಿಗಿಯಾಗುತ್ತದೆ, ಬರೀ ಜಾರಿದರೆ ಸುತ್ತು ನಿಲ್ಲುವುದಿಲ್ಲ. ತೆಳ್ಳಗಿನ ಮಲ್‌ಮಲ್ ಬೇಕು. ಮಲಗಿಸಲು ಮಡಿಕೆ ಬೀಳದ, ರೋಮ ಉದುರದ ಹಾಸು ಬೇಕು. ಉದುರಿದ ಎಳೆ ಮಗುವಿನ ಮುಷ್ಟಿಯೊಳಗೆ, ಮುಷ್ಟಿಯಿಂದ ಬಾಯಿಗೆ ಹೋಗುತ್ತದೆ. ಕಮರ್ಷಿಯಲ್ ಸ್ಟ್ರೀಟಿನ ದೊಡ್ಡ ಮಳಿಗೆಗಳಿಗಿಂತ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಕಡೆಗೆ ಹೊರಳಿಕೊಳ್ಳುವ ಸಣ್ಣ ಅಂಗಡಿಗಳಲ್ಲಿ ಈ ಹುಡುಕಾಟ ಹೆಚ್ಚು. ತಾನಿನಿಂದ ಅರ್ಧ ಮೀಟರ್ ಕತ್ತರಿಸಿಕೊಡಿ ಎಂದರೆ ಮೊದಮೊದಲು ಅಂಗಡಿಯವರಿಗೆ ಅರ್ಥವಾಗುವುದಿಲ್ಲ. ಅರ್ಧ ಮೀಟರಿನಲ್ಲಿ ಏನು ಹೊಲಿಸುತ್ತೀರಿ ಎಂದು ಕೇಳುತ್ತಾರೆ. ಬಣ್ಣ ನೋಡಲು ಬಟ್ಟೆಯನ್ನು ಬಾಗಿಲ ಬೆಳಕಿಗೆ ತರಬೇಕು. ಟ್ಯೂಬ್‌ಲೈಟಿನಡಿ ಕೆನೆಬಣ್ಣವಾಗಿ ಕಂಡದ್ದು ಹಗಲಲ್ಲಿ ಹಳದಿ. ಹುಟ್ಟಿದ ಮೊದಲ ವಾರದಲ್ಲಿ ಎಷ್ಟೋ ಮಕ್ಕಳಿಗೆ ಕಾಮಾಲೆಯ ಛಾಯೆ ಇರುತ್ತದೆ. ಹಳದಿ ಬಟ್ಟೆ ಅದನ್ನು ಇಮ್ಮಡಿಯಾಗಿ ತೋರಿಸುತ್ತದೆ. ಮಾಸಲು ನೀಲಿ, ಬೂದು, ತಿಳಿಕಂದು ಬಣ್ಣಗಳು ಮಗುವಿನ ಮೈಬಣ್ಣವನ್ನು ಅದರ ಪಾಡಿಗೆ ಬಿಡುತ್ತವೆ.

ಲೇಸು, ರಿಬ್ಬನ್ನು, ಉಲ್ಲನ್ನಿನ ಉಂಡೆ ಎಲ್ಲ ನಡೆದಾಡುವಷ್ಟು ಹತ್ತಿರದಲ್ಲೇ ಸಿಗುತ್ತವೆ. ಬುಟ್ಟಿಗೆ ಬಂಬೂ ಬಜಾರಿನ ಕಡೆ ನಡೆದರಾಯಿತು. ಕೂಸನ್ನು ಮಲಗಿಸುವ ಬುಟ್ಟಿಯ ತಳ ಅಗಲವಾಗಿರಬೇಕು, ಮಗುಚಬಾರದು, ಅಂಚಿನಲ್ಲಿ ಸೀಳು ಎದ್ದಿರಬಾರದು. ಎಷ್ಟೋ ಸಲ ಬುಟ್ಟಿಯ ಒಳಗೆ ಮರಳಿನ ಚೀಲ ಇಟ್ಟು ಭಾರ ಮಾಡಿ, ಅದರ ಮೇಲೆ ಮೆತ್ತೆ ಹಾಸಬೇಕಾಗುತ್ತದೆ. ಇಷ್ಟೆಲ್ಲ ಹೊರಗಿನ ಸಾಮಾನಿನ ನಡುವೆ ನನಗೊಂದು ಆಸೆ ಇದೆ. ಹೊಸ ಮಗುವನ್ನು ಮೊರದಲ್ಲಿ ಮಲಗಿಸುವ ಶಾಸ್ತ್ರ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಚಿತ್ರ ಬರೆದ ಮರದ ತೊಟ್ಟಿಲು ಮಾಡುವ ಕಸುಬಿದೆ. ಕುಂಚಿಗೆ ಇದೆ, ಕೌದಿ ಇದೆ. ವಿದೇಶದ ಪ್ರಾಪ್ ಅಂಗಡಿಯಿಂದ ತರಿಸಿದ ಪುಟಾಣಿ ಕಬ್ಬಿಣದ ಮಂಚಕ್ಕಿಂತ ಮೇದರು ಹೆಣೆದ ಮೊರದಲ್ಲಿ, ಅಜ್ಜಿ ಹೊಲಿದ ಕೌದಿಯ ಮೇಲೆ ಮಲಗಿದ ಮಗುವಿನ ಚಿತ್ರ ಆ ಮನೆಯದೇ ಆಗಿರುತ್ತದೆ. ಕೆಲವರು ಹೀಗೆ ಮಾಡತೊಡಗಿದ್ದಾರೆ. ಇನ್ನೂ ಹೆಚ್ಚು ಜನ ಮಾಡಲಿ.

ತಂದ ಬಟ್ಟೆ ನೇರ ಮಗುವಿನ ಮೈಗೆ ಹೋಗುವಂತಿಲ್ಲ. ಹೊಸ ಬಟ್ಟೆಯ ಗಂಜಿ, ಬಣ್ಣ ಬಿಡುವವರೆಗೂ, ಪರಿಮಳವಿಲ್ಲದ ಸೋಪಿನಲ್ಲಿ ಹಲವು ಸಲ ಒಗೆಯಬೇಕು. ನಮ್ಮ ಹಿರಿಯರು ಕೂಸಿಗೆ ಹೊಸ ಬಟ್ಟೆ ಹಾಕದೆ, ಒಗೆದೊಗೆದು ಮೆತ್ತಗಾದ ಹಳೆಯ ಸೀರೆ, ಪಂಚೆಗಳನ್ನೇ ಹರಿದು ಬಳಸುತ್ತಿದ್ದುದೂ ಇದೇ ತಿಳಿವಳಿಕೆಯಿಂದ.

ಮಗು ಬಂದ ಮೇಲೆ ನಿಜವಾದ ಕೆಲಸ. ಮೊದಲನೆಯದು ಬಿಸುಪು. ಹೊಸ ಮಗು ಚಳಿಗೆ ನಡುಗಿ ಮೈ ಕಾಯಿಸಿಕೊಳ್ಳಲಾರದು; ಹೆಗಲು, ಬೆನ್ನಿನ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಶಾಖ ಹುಟ್ಟಿಸಿಕೊಳ್ಳುತ್ತದೆ. ಮೈತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು, ಹೀಗಾಗಿ ಶಾಖ ಬೇಗ ಸೋರುತ್ತದೆ. ಹೆರಿಗೆ ಕೋಣೆಯ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಟ್ಟೆ ಬಿಚ್ಚಿದ ಕೂಸನ್ನು ಗಂಟೆಗಟ್ಟಲೆ ಇರಿಸಿಕೊಳ್ಳುವ ಸ್ಟುಡಿಯೊಕ್ಕೂ ಅದೇ ಅಳತೆ ನ್ಯಾಯ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ, ಅದರಲ್ಲೂ ದಂಡಿನ ಕಡೆಯ ಎತ್ತರದ ಸೂರಿನ ಹಳೆಯ ಕಟ್ಟಡಗಳಲ್ಲಿ, ಹೀಟರ್ ಇಲ್ಲದೆ ಅದು ಸಾಧ್ಯವಿಲ್ಲ. ಹೀಟರ್ ಮಗುವಿಗೆ ನೇರ ತಾಗಬಾರದು. ಕೋಣೆ ಕಾಯಬೇಕು, ಮೈ ಸುಡಬಾರದು. ಗೋಡೆಯ ಮೇಲೊಂದು ಉಷ್ಣಮಾಪಕ ಇಲ್ಲದ ಸ್ಟುಡಿಯೊಕ್ಕೆ ಕೂಸನ್ನು ಕರೆದೊಯ್ಯಬೇಡಿ.

ಐದರಿಂದ ಹದಿನೈದು ದಿನ ಎಂಬ ಲೆಕ್ಕ ಎಲ್ಲಿಂದ ಬಂತು? ಆ ದಿನಗಳಲ್ಲಿ ಮಗು ದಿನದ ಹದಿನಾರು ಹದಿನೇಳು ಗಂಟೆ ನಿದ್ರೆಯಲ್ಲಿರುತ್ತದೆ, ಕೈಕಾಲು ಗರ್ಭದೊಳಗಿದ್ದಂತೆಯೇ ಮುದುಡಿಕೊಂಡಿರುತ್ತವೆ. ಮೂರನೆಯ ವಾರದ ಹೊತ್ತಿಗೆ ಕೈಕಾಲು ಚಾಚುತ್ತದೆ, ಎಚ್ಚರ ಹೆಚ್ಚುತ್ತದೆ, ಮುಖದಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ತೀರ ಮೊದಲ ದಿನಗಳಲ್ಲೋ ತಾಯಿಗೆ ಹಾಲು ಇಳಿಯುತ್ತಿರುತ್ತದೆ, ಕಾಮಾಲೆ ಏರುತ್ತಿರುತ್ತದೆ, ಆಗ ಕೆಣಕಬಾರದು. ಹೊಕ್ಕುಳಬಳ್ಳಿಯ ತುಂಡು ಒಂದರಿಂದ ಮೂರು ವಾರದೊಳಗೆ ಉದುರುತ್ತದೆ. ಅದು ಇನ್ನೂ ಇದ್ದರೆ ಬೋರಲು ಮಲಗಿಸುವ ಮಾತೇ ಬೇಡ. ಇಂಥವನ್ನೆಲ್ಲ ಬಲ್ಲವರು ದೂರವೇನಿಲ್ಲ. ಕಮರ್ಷಿಯಲ್ ಸ್ಟ್ರೀಟಿನಿಂದ ನಡೆದುಹೋಗುವಷ್ಟು ದೂರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಿದೆ. ಅದೇ ಶಿವಾಜಿನಗರದಲ್ಲಿ, ಪರದೆ ಪಾಲಿಸುವ ಹೆಂಗಸರಿಗಾಗಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಹೆಸರಿನಲ್ಲಿ ನಿಂತ ಘೋಷಾ ಆಸ್ಪತ್ರೆಯಿದೆ. ತಲೆಮಾರುಗಳ ಮಕ್ಕಳು ಹುಟ್ಟಿದ ಜಾಗಗಳಿವು. ಕೂಸು ಎತ್ತುವುದನ್ನು ಕಲಿಯಲು ಬಯಸುವ ಫೋಟೊಗ್ರಾಫರಿಗೆ ಅಲ್ಲಿನ ಅನುಭವಿ ದಾದಿಯರಿಗಿಂತ ಒಳ್ಳೆಯ ಗುರುಗಳು ಯಾವ ಕಾರ್ಯಾಗಾರದಲ್ಲೂ ಸಿಗುವುದಿಲ್ಲ.

ಮಲಗಿದ ಮಗು ಸಣ್ಣ ಸದ್ದಿಗೆ, ಅಥವಾ ತಲೆ ಸ್ವಲ್ಪ ಹಿಂದಕ್ಕೆ ಜಾರಿದರೆ, ಎರಡೂ ಕೈ ಅಗಲಿಸಿ ಬೆಚ್ಚಿಬೀಳುತ್ತದೆ. ಈ ಪ್ರತಿಕ್ರಿಯೆಯನ್ನು ವೈದ್ಯಶಾಸ್ತ್ರ ಅರ್ನ್ಸ್ಟ್ ಮೋರೊ ಎಂಬ ಮಕ್ಕಳ ವೈದ್ಯರ ಹೆಸರಿನಿಂದ ಗುರುತಿಸುತ್ತದೆ. ಬಟ್ಟೆ ಸುತ್ತುವುದು ಅದನ್ನು ತಡೆಯಲಿಕ್ಕೆ. ಕೈಗಳು ಎದೆಗೆ ಒತ್ತಿಕೊಂಡಿದ್ದರೆ ಮಗು ನಿರಾಳವಾಗುತ್ತದೆ. ಆದರೆ ಕಾಲುಗಳನ್ನು ನೇರ ಎಳೆದು ಬಿಗಿದರೆ ಸೊಂಟದ ಕೀಲಿಗೆ ಪೆಟ್ಟು. ಮೊಣಕಾಲು ಮಡಚಿ, ತೊಡೆ ಅಗಲವಾಗಿ ಇರುವಷ್ಟು ಸಡಿಲ ಕೆಳಗೆ ಇರಲೇಬೇಕು. ಬೆರಳು ಬೆಳ್ಳಗಾಯಿತೋ ನೀಲಿಯಾಯಿತೋ ಎಂದು ಕ್ಷಣಕ್ಷಣಕ್ಕೆ ನೋಡುತ್ತಿರಬೇಕು. ಗಲ್ಲ ಎದೆಗೆ ಒತ್ತದಂತೆ ಕಾಯಬೇಕು. ಕೂಸಿನ ಉಸಿರಿನ ಕೊಳವೆ ಮೆತ್ತಗೆ, ಕಿರಿದು. ಕತ್ತು ಮುಂದಕ್ಕೆ ಬಾಗಿದರೆ ಸದ್ದೇ ಇಲ್ಲದೆ ಮುಚ್ಚಿಹೋಗಬಹುದು.

ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡಿರುವ ಒಂದು ಭಂಗಿ ಇದೆ. ಎರಡೂ ಅಂಗೈ ಮೇಲೆ ಗಲ್ಲ ಊರಿ, ಮೊಣಕೈ ನೆಲಕ್ಕಿಟ್ಟು, ಕಪ್ಪೆಯಂತೆ ಕೂತು ನಿದ್ರಿಸುವ ಮಗು. ಯಾವ ಹೊಸ ಕೂಸೂ ಹಾಗೆ ಕೂರುವುದಿಲ್ಲ. ಅದು ಎರಡು ಚಿತ್ರ ಸೇರಿಸಿ ಮಾಡಿದ್ದು. ಒಂದರಲ್ಲಿ ಸಹಾಯಕಿ ಮಗುವಿನ ನೆತ್ತಿಯನ್ನು ಬೆರಳುಗಳಿಂದ ಹಿಡಿದಿರುತ್ತಾಳೆ, ಇನ್ನೊಂದರಲ್ಲಿ ಮಣಿಕಟ್ಟನ್ನು. ಎರಡರಿಂದಲೂ ಅವಳ ಕೈ ಅಳಿಸಿ ಫೋಟೊಶಾಪಿನಲ್ಲಿ ಒಂದಾಗಿಸುತ್ತಾರೆ. ಇದನ್ನು ಬಲ್ಲವರು ಹೇಳಿಕೊಡಬೇಕು. ತಿಳಿಯದ ಅಪ್ಪ ಅಮ್ಮಂದಿರು ಮನೆಯ ಮಂಚದ ಮೇಲೆ ಮೊಬೈಲ್ ಹಿಡಿದು ಇದನ್ನೇ ಮಾಡಲು ಹೋದರೆ ಏನಾಗಬಹುದೆಂದು ನೆನೆದರೆ ಮೈ ನಡುಗುತ್ತದೆ. ನಮ್ಮ ದೇಶದಲ್ಲಿ ಈ ಕೆಲಸ ಶುರುಮಾಡಲು ಯಾವ ಪರೀಕ್ಷೆಯೂ ಇಲ್ಲ, ಪರವಾನಗಿಯೂ ಇಲ್ಲ. ಕ್ಯಾಮೆರಾ ಕೊಂಡವರು ನಾಳೆಯೇ ಬೋರ್ಡು ಹಾಕಬಹುದು. ಆದ್ದರಿಂದಲೇ ಬುಕಿಂಗ್ ಮಾಡುವ ಮುನ್ನ ಹಣದ ಮಾತಿಗಿಂತ ಮೊದಲು ಕೇಳಬೇಕಾದ್ದು ಬೇರೆ: ಕೂಸಿಗೆ ಉಸಿರು ಕಟ್ಟಿದರೆ ಏನು ಮಾಡಬೇಕೆಂಬ ತರಬೇತಿ ಆಗಿದೆಯೆ? ಜೊತೆಗೆ ಸದಾ ಇನ್ನೊಬ್ಬರು ಇರುತ್ತಾರೆಯೆ? ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದೀರಾ? ಯಾವ ಭಂಗಿ ಜೋಡಿಸಿದ್ದು, ಯಾವುದು ಹಾಗೇ ತೆಗೆದದ್ದು?

ಕಾರ್ಪೊರೇಟ್ ಕೆಲಸ ಬಿಟ್ಟು ಬಂದವರು ಇಲ್ಲಿ ಮೊದಲು ಬದಲಿಸಿಕೊಳ್ಳಬೇಕಾದ್ದು ಹೊತ್ತಿನ ಜೊತೆಗಿನ ಸಂಬಂಧ. ಕಚೇರಿಯಲ್ಲಿ ಹೊತ್ತು ಮನುಷ್ಯರ ಹಿಡಿತದಲ್ಲಿರುತ್ತದೆ. ಮೀಟಿಂಗ್ ಅರ್ಧ ಗಂಟೆ ಎಂದರೆ ಅರ್ಧ ಗಂಟೆ. ಮೂರು ನಾಲ್ಕು ಗಂಟೆಯ ಒಂದು ಚಿತ್ರೀಕರಣದಲ್ಲಿ ಶಟರ್ ಒತ್ತುವ ಹೊತ್ತು ಬಹಳ ಕಡಿಮೆ. ಉಳಿದದ್ದೆಲ್ಲ ಹಾಲು ಕುಡಿಸುವುದು, ತೇಗು ಬರಿಸುವುದು, ಒದ್ದೆಯಾದದ್ದನ್ನು ಬದಲಿಸುವುದು, ಮತ್ತೆ ತಟ್ಟಿ ಮಲಗಿಸುವುದು. ಮಗು ನಿದ್ದೆ ಮಾಡದಿದ್ದರೆ ಆ ದಿನ ಚಿತ್ರವಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಹೆರಿಗೆಯ ದಿನಾಂಕವೂ ಕೈಯಲ್ಲಿಲ್ಲ. ಏಳನೆಯ ತಿಂಗಳಲ್ಲೇ ಬುಕ್ ಮಾಡಿದರೂ ಮಗು ಎರಡು ವಾರ ಮೊದಲು ಬರಬಹುದು, ಒಂದು ವಾರ ತಡವಾಗಬಹುದು. ಒಂದೇ ವಾರದಲ್ಲಿ ಮೂರು ಮಕ್ಕಳು ಹುಟ್ಟಿ ಮುಂದಿನ ವಾರ ಒಂದೂ ಇಲ್ಲದಿರಬಹುದು. ಹಾಗಾಗಿ ತಿಂಗಳಿಗೆ ಇಷ್ಟೇ ಮಕ್ಕಳು ಎಂದು ಮಿತಿ ಹಾಕಿಕೊಂಡವರು ಉಳಿಯುತ್ತಾರೆ.

ಹೆಂಗಸರೇ ಹೆಚ್ಚಾಗಿ ಈ ಕಡೆ ಬರಲು ಒಂದು ಕಾರಣ ಅವರದೇ ಬಾಣಂತನ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುವಿಹಾರದ ವ್ಯವಸ್ಥೆಯೂ ಕಡ್ಡಾಯವಾಯಿತು. ಆ ಆರು ತಿಂಗಳಲ್ಲಿ ಸ್ವಂತ ಮಗುವಿನ ಚಿತ್ರ ತೆಗೆಯಲು ಕೊಂಡ ಕ್ಯಾಮೆರಾ, ರಜೆ ಮುಗಿದ ಮೇಲೆ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೂ ರಾತ್ರಿಯ ಕಾಲ್‌ಗಳಿಗೂ ಮರಳುವ ಮನಸ್ಸಾಗದೆ ಹೊಸ ದುಡಿಮೆಯಾದ ಉದಾಹರಣೆಗಳು ನಮ್ಮ ಸುತ್ತ ಇವೆ. ಇದನ್ನು ಬರೀ ಕನಸಿನ ಬೆನ್ನು ಹತ್ತಿದ ಕಥೆಯಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಎಳೆಮಗುವಿನ ತಾಯಿ ಉಳಿಯುವಂಥ ಕಚೇರಿಗಳನ್ನು ನಾವು ಸಾಕಷ್ಟು ಕಟ್ಟಲಿಲ್ಲ ಎಂಬ ಭಾಗವೂ ಈ ಕಥೆಯಲ್ಲಿದೆ.

ಅಲ್ಲಿ ಕಲಿತದ್ದು ಇಲ್ಲಿ ವ್ಯರ್ಥವೂ ಅಲ್ಲ. ಕರಾರು ಬರೆಯುವುದು, ಮುಂಗಡ ಪಡೆಯುವುದು, ತಪಾಸಣೆ ಪಟ್ಟಿ ಇಟ್ಟುಕೊಳ್ಳುವುದು, ಫೈಲುಗಳನ್ನು ಎರಡು ಕಡೆ ಉಳಿಸುವುದು ಇವೆಲ್ಲ ಬಂದವರ ಕೈಗುಣ. ಕಷ್ಟವಾಗುವುದು ಸಂಬಳದ ದಿನ. ಪಿಎಫ್ ಇಲ್ಲ, ಕಂಪನಿಯ ಆರೋಗ್ಯ ವಿಮೆ ಇಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ, ಬಿಲ್ಲಿನ ಮೇಲೆ ಶೇ 18 ತೆರಿಗೆ. ಎರಡು ಮೂರು ತಿಂಗಳ ನೋಟಿಸ್ ಅವಧಿಯಲ್ಲಿ ಕಲಿತು ಮುಗಿಯುವ ವಿದ್ಯೆಯಲ್ಲ ಇದು. ನೌಕರಿಯಲ್ಲಿದ್ದಾಗಲೇ ಶನಿವಾರ, ಭಾನುವಾರ ಬಲ್ಲವರ ಬಳಿ ಸಹಾಯಕಿಯಾಗಿ ಮಗು ಹಿಡಿದು, ಒಂದು ವರ್ಷದ ಮನೆಖರ್ಚು ಕೂಡಿಟ್ಟುಕೊಂಡು ರಾಜೀನಾಮೆ ಕೊಟ್ಟವರಿಗೆ ನೆಲೆ ಸಿಗುತ್ತದೆ.

ಇನ್ನು ಅಜ್ಜಿಯರು. ಬಾಣಂತಿ ಇರುವುದು ತವರಿನಲ್ಲಿ, ಅಲ್ಲಿನ ಯಜಮಾನಿಕೆ ಅಜ್ಜಿಯದು. ಎರೆದು, ಸಾಂಬ್ರಾಣಿ ಹಾಕಿ, ಮೈ ನೀವಿ ಮಲಗಿಸಿದ ಮಗುವನ್ನು ಗುರುತಿಲ್ಲದವರ ಕೈಗೆ ಕೊಡಲು ಅವರು ಹಿಂದೆಮುಂದೆ ನೋಡುವುದು ಸರಿಯಾಗಿಯೇ ಇದೆ. “ಇಷ್ಟು ಎಳೇ ಕೂಸಿಗೆ ಬಟ್ಟೆ ಬಿಚ್ಚಿ ಅದೇನ್ ಫೋಟೊನಮ್ಮಾ?” ಎಂಬ ಪ್ರಶ್ನೆಗೆ “ಅಜ್ಜೀ, ಕೋಣೆ ಬೆಚ್ಚಗಿದೆಯಾ ನೀವೇ ಒಳಗೆ ಬಂದು ನೋಡಿ, ನೀವೇ ಎತ್ಕೊಂಡು ಮಲಗ್ಸಿ, ಆಮೇಲೆ ನಾನು ತೆಗೀತೀನಿ” ಎನ್ನುವ ಉತ್ತರ ಬಹಳ ದೂರ ಹೋಗುತ್ತದೆ. ಉಂಗುರ, ಬಳೆ ತೆಗೆದಿಟ್ಟು, ಉಗುರು ಕತ್ತರಿಸಿ, ಮೊಣಕೈವರೆಗೆ ಕೈ ತೊಳೆದು, ತಣ್ಣಗಿನ ಅಂಗೈ ಉಜ್ಜಿ ಬಿಸಿ ಮಾಡಿಕೊಂಡ ಮೇಲೆ ಮಗುವನ್ನು ಮುಟ್ಟಿದರೆ ಅಜ್ಜಿಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಹದಿನಾರು ದಿನ, ಇಪ್ಪತ್ತೊಂದು ದಿನ ಆಗಲಿ ಎಂದರೆ ಕಾಯಬೇಕು. ಸ್ಟುಡಿಯೊಗೆ ಬರುವುದಿಲ್ಲ ಎಂದರೆ ಹೀಟರ್, ಹಾಸು ಹೊತ್ತುಕೊಂಡು ಮನೆಗೆ ಹೋಗಬೇಕು. ಭಂಗಿ ಒಂದೆರಡು ಕಡಿಮೆಯಾದರೆ ನಷ್ಟವಿಲ್ಲ. ಅಜ್ಜಿಯ ಸುಕ್ಕುಗಟ್ಟಿದ ಕೈಬೆರಳನ್ನು ಹಿಡಿದ ಕೂಸಿನ ಮುಷ್ಟಿ ಯಾವ ಬುಟ್ಟಿಯ ಚಿತ್ರಕ್ಕಿಂತಲೂ ಹೆಚ್ಚು ಕಾಲ ಬಾಳುತ್ತದೆ ಎಂದು ನಾನು ನಂಬಿದ್ದೇನೆ.

ಚಿತ್ರ ತೆಗೆದ ಮೇಲೆ ಕಂಪ್ಯೂಟರಿನ ಮುಂದೆ ಇನ್ನೊಂದು ಪರೀಕ್ಷೆ. ಕೆನ್ನೆ ಮೇಲಿನ ಒಣಗಿದ ಹಾಲು, ಉದುರುತ್ತಿರುವ ಸಿಪ್ಪೆ, ಕಾಮಾಲೆಯ ಹಳದಿ ಹೋಗುವಂಥವು; ಅವನ್ನು ತಿದ್ದಿದರೆ ಸುಳ್ಳಾಗುವುದಿಲ್ಲ. ನಮ್ಮ ಮಕ್ಕಳಲ್ಲಿ ಸಾಮಾನ್ಯವಾದ ಬೆನ್ನಿನ ಕೆಳಗಿನ ನೀಲಿ ಮಚ್ಚೆ, ಕತ್ತಿನ ಹಿಂದಿನ ಕೆಂಪು ಗುರುತು ಆ ಮಗುವಿನ ಸೊತ್ತು, ಅವು ಇರಲಿ. ದೃಷ್ಟಿಬೊಟ್ಟು ಇರಲಿ. “ಸ್ವಲ್ಪ ಬೆಳ್ಳಗೆ ಮಾಡಿಕೊಡಿ” ಎಂಬ ಕೋರಿಕೆ ಮಾತ್ರ ಎಲ್ಲೆಡೆ ಬರುತ್ತದೆ, ವಿದ್ಯಾವಂತರ ಮನೆಯಿಂದಲೂ. ಹುಟ್ಟಿ ವಾರವಾಗಿಲ್ಲದ ಮಗುವಿಗೆ ನಿನ್ನ ಬಣ್ಣ ಸಾಲದು ಎಂದು ಹೇಳುವ ಆ ಕೆಲಸಕ್ಕೆ ಫೋಟೊಗ್ರಾಫರ್ ಒಲ್ಲೆ ಎನ್ನಬೇಕು, ಗಿರಾಕಿ ಹೋದರೂ ಸರಿ.

ಸಂತೋಷದ ಮನೆಗಳಿಗಷ್ಟೇ ಈ ವಿದ್ಯೆ ಬೇಕಾದದ್ದಲ್ಲ. ಅಮೆರಿಕದ ಕೊಲರಾಡೊದಲ್ಲಿ 2005ರಲ್ಲಿ ಶೆರಿಲ್ ಹ್ಯಾಗರ್ಡ್ ಎಂಬ ತಾಯಿ, ಹುಟ್ಟಿದ ಕೆಲವೇ ದಿನಕ್ಕೆ ಮಗನನ್ನು ಕಳೆದುಕೊಳ್ಳುವ ಹೊತ್ತಿನಲ್ಲಿ ಫೋಟೊಗ್ರಾಫರ್ ಸ್ಯಾಂಡಿ ಪುಚ್ ಅವರನ್ನು ಆಸ್ಪತ್ರೆಗೆ ಕರೆಸಿ ಅವನ ಚಿತ್ರ ತೆಗೆಸಿದರು. ಆಮೇಲೆ ಇಬ್ಬರೂ ಸೇರಿ, ಹೀಗೆ ಮಗುವನ್ನು ಕಳೆದುಕೊಳ್ಳುವ ತಂದೆತಾಯಿಗೆ ಉಚಿತವಾಗಿ ಚಿತ್ರ ತೆಗೆದುಕೊಡುವ ಸ್ವಯಂಸೇವಕರ ಸಂಸ್ಥೆ ಕಟ್ಟಿದರು. ನಮ್ಮಲ್ಲಿ 2020ರ ಸರ್ಕಾರಿ ಲೆಕ್ಕದಂತೆ, ಸಾವಿರ ಮಕ್ಕಳು ಜೀವಂತವಾಗಿ ಹುಟ್ಟಿದರೆ 20 ಮಕ್ಕಳು ಮೊದಲ 28 ದಿನದೊಳಗೆ ತೀರಿಕೊಳ್ಳುತ್ತವೆ. ಆ ತಾಯಂದಿರ ಬಳಿ ಮಗುವಿನದೆಂದು ಏನೂ ಉಳಿಯುವುದಿಲ್ಲ; ಮರೆತುಬಿಡು, ಇನ್ನೊಂದು ಆಗುತ್ತದೆ ಎನ್ನುವ ಸಮಾಧಾನವಷ್ಟೇ. ಬೇಕೆಂದ ತಾಯಿಗೆ ಒಂದು ಚಿತ್ರ, ಬೇಡವೆಂದವಳಿಗೆ ಅವಳ ಪಾಡು. ಇಷ್ಟು ಕೆಲಸವನ್ನು ಬೆಂಗಳೂರಿನ ಫೋಟೊಗ್ರಾಫರುಗಳು ಆಸ್ಪತ್ರೆಗಳ ಜೊತೆ ಕೂತು ಮಾತನಾಡಿ ಮಾಡಬಹುದು.

ಕೊನೆಗೆ ಹಕ್ಕಿನ ಮಾತು. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆತನ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಇದು ಬಹಳ ತಂದೆತಾಯಿಗೆ ಗೊತ್ತಿಲ್ಲ. ಬುಕಿಂಗ್ ಫಾರಂನ ಸಣ್ಣಕ್ಷರಗಳಲ್ಲಿ ಆ ಹಕ್ಕು ಕೈಬದಲಾಗಿರಬಹುದು. ಸಹಿ ಹಾಕುವ ಮುನ್ನ ಓದಬೇಕು. ಹೊಸ ಫೋಟೊಗ್ರಾಫರಿಗೆ ಇನ್‌ಸ್ಟಾಗ್ರಾಮೇ ಅಂಗಡಿಯ ಬೋರ್ಡು, ಮಗುವಿನ ಚಿತ್ರ ಹಾಕದೆ ಗಿರಾಕಿ ಬರುವುದಿಲ್ಲ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹೆತ್ತು ವಾರವಾದ ತಾಯಿ ನಿದ್ದೆಗೆಟ್ಟು ಕೂತಿರುವಾಗ ಅವಳ ಮುಂದೆ ಒಪ್ಪಿಗೆ ಪತ್ರ ಹಿಡಿಯುವುದು ಸರಿಯಲ್ಲ. ಆ ಮಾತು ಏಳನೆಯ ತಿಂಗಳಿನ ಬುಕಿಂಗಿನಲ್ಲೇ ಆಗಬೇಕು, ಆಲ್ಬಮ್ ಕೈಗೆ ಕೊಡುವಾಗ ಇನ್ನೊಮ್ಮೆ ಕೇಳಬೇಕು. ಮೈ ಕಾಣುವ ಚಿತ್ರ, ಹೆಸರು, ಹುಟ್ಟಿದ ದಿನ, ಆಸ್ಪತ್ರೆ ಯಾವುದೂ ಸಾರ್ವಜನಿಕವಾಗಿ ಹೋಗಬಾರದು. ಚಿತ್ರ ಹಾಕಲು ಬಿಟ್ಟರೆ ರಿಯಾಯಿತಿ ಎಂಬ ಆಮಿಷವೂ ಬೇಡ. ಬೇಡವೆಂದ ಮನೆಗೂ ಅದೇ ದರ, ಅದೇ ಆಲ್ಬಮ್ ಸಿಗಬೇಕು.